ಟ್ರಂಕಿನಲ್ಲಿದ್ದ ನಾಲ್ಕನೆಯದು

ಜೂನ್ ೩

ನಮ್ಮ ಸಿಐಡಿ ನಾದಿನಿಗೆ,

ಕಾಗದ ಒಡೆದ ಕೂಡಲೇ ಕೂಗಾಡಬೇಡ, ಪೂರ್ತಿ ಓದು. ನಿನ್ನ ಕೋಣೆಯ ಬೀಗ ಒಡೆಯಬೇಕಾಯಿತು. ಮೇಲಿನ ನೀರಿನ ಕೊಳವೆ ಸೋರಿ, ನಿನ್ನ ಬಾಗಿಲ ಕೆಳಗಿಂದ ನೀರು ನಡುಮನೆಗೆ ಬಂತು. ಬೀಗದ ಕೈ ನಿನ್ನ ಹತ್ತಿರ, ನೀನೋ ರೈಲಿನಲ್ಲಿ ಹಗಲೆಲ್ಲ ಕೂತರೂ ಮುಗಿಯದ ದೂರದಲ್ಲಿ. ನಿಮ್ಮಣ್ಣ ಕೆಳಗಿನ ತಮ್ಮ ಡ್ರೈವಿಂಗ್ ಸ್ಕೂಲಿನಿಂದ ಜಾಕ್ ತಂದು ಚಿಲಕದ ಕೊಂಡಿ ಎಬ್ಬಿಸಿದರು. ಕಾರು ಎತ್ತುವ ಸಾಮಾನಿನಲ್ಲಿ ಬಾಗಿಲು ತೆಗೆದ ಸಾಹಸವನ್ನು ಬಂದ ಶಿಷ್ಯರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಮಂಚಕ್ಕೆ ಏನೂ ಆಗಿಲ್ಲ. ಅದರ ಕೆಳಗಿದ್ದ ನಿನ್ನ ತಗಡಿನ ಟ್ರಂಕಿನ ತಳ ಮಾತ್ರ ನೆನೆದಿತ್ತು. ಒಳಗಿದ್ದದ್ದನ್ನು ತೆಗೆದು ಒಣಗಿಸದೆ ಬೇರೆ ದಾರಿ ಇರಲಿಲ್ಲ. ತೆಗೆದು ನೋಡಿದರೆ ಎಲ್ಲಾ ಅರ್ಧಂಬರ್ಧ ಕೌದಿ ಕೆಲಸ! ಒಂದು ದಿಂಬಿನ ಹೊದಿಕೆ, ಮೂರು ಸಾಲು ತುಂಡು ಜೋಡಿಸಿ ಅಲ್ಲಿಗೇ ಕೈ ಎತ್ತಿದ್ದೀಯ. ನಿಮ್ಮಪ್ಪನ ಕುರ್ಚಿಗೆಂದು ಹೊರಟ ಮೆತ್ತೆ. ಹೊಲಿಗೆ ಯಂತ್ರಕ್ಕೆ ಒಂದು ಮುಸುಕು. ಗುಂಡುಪಿನ್ನುಗಳನ್ನು ಹಾಗೇ ಬಿಟ್ಟಿದ್ದರಿಂದ ತುಕ್ಕು ಹಿಡಿದು ಬಟ್ಟೆಯ ತುಂಬ ಕಂದು ಚುಕ್ಕೆ. ಅತ್ತೆ ನೋಡಿದ್ದರೆ ಆ ಪಿನ್ನಿನಿಂದಲೇ ನಿನ್ನನ್ನು ಚುಚ್ಚುತ್ತಿದ್ದರು.

ಮಧ್ಯಾಹ್ನ ನನಗೂ ಕೈ ಖಾಲಿ. ಒಂದೊಂದಾಗಿ ಮುಗಿಸುತ್ತಾ ಕೂರೋಣ ಅಂದುಕೊಂಡಿದ್ದೇನೆ. ಮುಗಿದ ಹಾಗೆ ನಿನಗೆ ಪಾರ್ಸೆಲ್ ಮಾಡುತ್ತೇನೆ. ಮೈಗೆ ಜೋಪಾನ.

ಬೈಸಿಕೊಳ್ಳಲು ಸಿದ್ಧಳಾಗಿ ಕೂತಿರುವ,
ಅತ್ತಿಗೆ

ಜೂನ್ ೧೨

ಅತ್ತಿಗೆಗೆ ನಮಸ್ಕಾರ.

ನಾನು ಕೂಗಾಡಲಿಲ್ಲ. ಹಾಸ್ಟೆಲಿನ ಗೋಡೆ ತೆಳು, ಕೂಗಾಡಿದರೆ ಪಕ್ಕದ ಕೋಣೆಯವಳು ಬಂದು ಕೂತು ಕಥೆ ಕೇಳುತ್ತಾಳೆ.

ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಗಾಜಿನ ಮೇಜು, ಅದರ ಕೆಳಗೆ ಟ್ಯೂಬ್‌ಲೈಟು, ಮೇಲೆ ಹರಿಯುವ ಬಟ್ಟೆ. ಎಳೆ ತಪ್ಪಿದ ಕಡೆ, ಗಂಟು ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಇಷ್ಟು ವರ್ಷ ಅದನ್ನೇ ಮಾಡಿ ಮಾಡಿ ಈಗ ಮನುಷ್ಯರ ಮಾತಿನಲ್ಲೂ ಎಳೆ ತಪ್ಪಿದ್ದು ಕಾಣುತ್ತದೆ. ನಿಮ್ಮ ಕಾಗದದಲ್ಲಿ ಕಂಡದ್ದನ್ನು ಹೇಳಲೇ?

ವರ್ಷದ ಕೊನೆಗೆ ಮಿಲ್ಲಿನಲ್ಲಿ ನಮ್ಮ ಮೇಜುಗಳನ್ನೆಲ್ಲ ತೆಗೆದು ಯಂತ್ರ ಕೂರಿಸುತ್ತಾರೆ, ಹಾಸ್ಟೆಲ್ ಬಿಡಬೇಕು, ಮನೆಗೆ ಬಂದುಬಿಡುತ್ತೇನೆ ಅಂತ ನಾನು ಬರೆದದ್ದು ಮೇ ತಿಂಗಳಲ್ಲಿ. ಅದಾದ ಮೇಲೆ ಕೊಳವೆ ಸೋರಿತು. ಅದಾದ ಮೇಲೆ ಬೀಗ ಒಡೆಯಿತು. ಸರಿ, ಕೊಳವೆಗೆ ನನ್ನ ಕಾಗದ ಓದಲು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಇಷ್ಟರಲ್ಲೇ ಮನೆಗೆ ಬರುವವಳಿಗೆ ಮನೆಯಲ್ಲಿರುವ ಸಾಮಾನನ್ನು ಪಾರ್ಸೆಲ್ ಮಾಡುವುದೇಕೆ? ಕುರ್ಚಿಯ ಮೆತ್ತೆಯನ್ನು ಇಲ್ಲಿ ಯಾವ ಕುರ್ಚಿಗೆ ಹಾಸಲಿ? ನನ್ನ ಟ್ರಂಕು ಖಾಲಿಯಾದರೆ ಕೋಣೆ ಖಾಲಿಯಾದ ಹಾಗೆ. ಕೋಣೆ ಯಾರಿಗಾದರೂ ಬೇಕಾಗಿದ್ದರೆ ನೇರ ಹೇಳಿ ಅತ್ತಿಗೆ. ನನಗೆ ಇರುವುದು ಅದೊಂದೇ.

ಇನ್ನೊಂದು ಮಾತು. ಶುರುಮಾಡಿದ ಕೈಯೇ ಮುಗಿಸಬೇಕು ಅಂತ ಅಮ್ಮ ಇಬ್ಬರಿಗೂ ಹೇಳಿಕೊಟ್ಟಿದ್ದರು. ಆ ಮೂರನ್ನು ಮುಟ್ಟಿದ್ದು ಆಯಿತು, ಹೋಗಲಿ. ಉಳಿದದ್ದನ್ನು ಇದ್ದಲ್ಲೇ ಬಿಡಿ.

ನಿಮ್ಮ ನಾದಿನಿ

ಜುಲೈ ೧

ಸಿಐಡಿಗೆ,

ಇದರ ಜೊತೆ ದಿಂಬಿನ ಹೊದಿಕೆ ಇದೆ. ನಾಲ್ಕನೆಯ ಸಾಲಿಗೆ ನಿನ್ನ ತುಂಡು ಸಾಲಲಿಲ್ಲ, ನನ್ನ ಹಳೆಯ ಪರದೆಯಿಂದ ಕತ್ತರಿಸಿ ಹಾಕಿದೆ. ತುಕ್ಕಿನ ಚುಕ್ಕೆ ಇದ್ದಲ್ಲೆಲ್ಲ ಒಂದೊಂದು ಸಣ್ಣ ಹೂವು ಕಟ್ಟಿದ್ದೇನೆ. ತಪ್ಪು ಮುಚ್ಚಲು ಹೂವಿಗಿಂತ ಒಳ್ಳೆಯದಿಲ್ಲ ಅಂತ ಅತ್ತೆ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು.

ನಿನ್ನ ಕಾಗದ ಓದಿ ನಕ್ಕೆ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೋಡಿದ್ದೆ, ಸಿಗಲಿಲ್ಲ ಅಂತ ತಾನೇ ಒಂದು ಕಲ್ಲು ಹಾಕಿ ಹುಡುಕುವವಳು ನೀನೊಬ್ಬಳೇ. ಆಮೇಲೆ ನಗು ನಿಂತಿತು. "ಉಳಿದದ್ದನ್ನು ಇದ್ದಲ್ಲೇ ಬಿಡಿ" ಅಂತ ಬರೆದಿದ್ದೀಯ. ನಾನು ಬರೆದದ್ದು ಮೂರರ ಮಾತು. ಉಳಿದದ್ದು ಇದೆ ಅಂತ ನಾನು ಎಲ್ಲಿ ಹೇಳಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಥೆ.

ಸುಮ್ಮನೆ ಕೇಳುತ್ತೇನೆ, ತಪ್ಪು ತಿಳಿಯಬೇಡ. ನೀನು ಮಿಲ್ಲಿಗೆ ಸೇರಿದ ವರ್ಷ, ಸೇರುವ ಮೊದಲು ದೊಡ್ಡಮ್ಮನ ಮನೆಗೆ ಹೋಗಿ ಎರಡು ತಿಂಗಳು ಇದ್ದೆಯಲ್ಲ. ಯಾಕೆ ಹೋಗಿದ್ದೆ? ಯೋಚಿಸಿದರೆ ನನಗೆ ನೆನಪಾಗುತ್ತಿಲ್ಲ. ನಿಮ್ಮಣ್ಣನನ್ನು ಕೇಳಿದರೆ, "ಯಾರಿಗ್ ಗೊತ್ತು, ಅವಳಿಗೆ ಕಾಲಲ್ಲಿ ಚಕ್ರ" ಅಂದರು.

ಹೂವಿನ ದಾರ ಬಣ್ಣ ಬಿಡಬಹುದು, ಮೊದಲ ಸಲ ಬೇರೆ ಒಗೆ.

ಅತ್ತಿಗೆ

ಜುಲೈ ೧೪

ಅತ್ತಿಗೆಗೆ,

ಹೊದಿಕೆ ಬಂತು. ಊಟದ ಬಿಡುವಿನಲ್ಲಿ ಗಾಜಿನ ಮೇಜಿನ ಮೇಲೆ ಹಾಸಿ ನೋಡಿದೆ. ನಿಮ್ಮ ಹೊಲಿಗೆ ಎಡಕ್ಕೆ ಮಲಗುವುದು ಇನ್ನೂ ಬಿಟ್ಟಿಲ್ಲ. ಪರದೆಯ ತುಂಡು ಚೆನ್ನಾಗಿ ಒಪ್ಪಿದೆ, ಸುಳ್ಳು ಹೇಳುವುದಿಲ್ಲ. ಹೂವುಗಳನ್ನು ಇಲ್ಲಿಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು.

ನಾನು ನೋಡಿದ್ದು ಬೇರೆ. ಪಾರ್ಸೆಲ್ ಕಟ್ಟಿದ ದಾರದ ಮೇಲೆ ತಿಳಿಹಸಿರು ಬಣ್ಣದ ಹನಿ ಇತ್ತು. ಗೋಡೆಗೆ ಬಳಿಯುವ ಬಣ್ಣ. ಉಗುರಿನಲ್ಲಿ ಕೆರೆದರೆ ಇನ್ನೂ ಮೆತ್ತಗಿತ್ತು. ನಮ್ಮ ಮನೆಯ ಯಾವ ಗೋಡೆಯೂ ಹಸಿರಲ್ಲ. ಯಾರಿಗಾಗಿ ಬಣ್ಣ ಹೊಡೆಸಿದಿರಿ? ನನಗಾದರೆ ಬಣ್ಣ ಯಾವುದು ಅಂತ ಒಂದು ಮಾತು ಕೇಳುತ್ತಿದ್ದಿರಿ. ನೀವು ಬರೆಯುವುದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಈ ಕಡೆಗೂ ಬೆಳಕು, ಆ ಕಡೆಗೂ ಬೆಳಕು.

ದೊಡ್ಡಮ್ಮ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು. ನೋಡಿಕೊಳ್ಳಲು ಹೋಗಿದ್ದೆ. ಅದರಲ್ಲಿ ಕೇಳುವಂಥದ್ದು ಏನಿದೆ? ಅಷ್ಟು ಹಳೆಯ ಮಾತು ಈಗ ಯಾಕೆ ಬಂತು ಅಂತ ನಾನು ಕೇಳಬೇಕು.

ನಾದಿನಿ

ಆಗಸ್ಟ್ ೯

ನಾದಿನಿಗೆ,

ಮೆತ್ತೆ ಕಳಿಸಿದ್ದೇನೆ. ನಿಮ್ಮಪ್ಪನ ಕುರ್ಚಿಯ ಅಳತೆಗೆ ಸರಿಯಾಗಿ ಕತ್ತರಿಸಿದ್ದೆ ನೀನು, ಕುರ್ಚಿಯೇ ಈಗ ಇಲ್ಲ. ಅದರ ಒಂದು ಕೈ ಮುರಿದ ಮೇಲೆ ನಿಮ್ಮಣ್ಣ ಅದನ್ನು ಸ್ಕೂಲಿನಲ್ಲಿ ಕಾಯುವವರಿಗೆ ಹಾಕಿದರು, ಅವರು ಇನ್ನೊಂದು ಕೈಯನ್ನೂ ಮುರಿದರು.

ಬಣ್ಣದ ಮಾತು ನಿಜ. ನೀರು ಇಳಿದು ಗೋಡೆ ಉಬ್ಬಿತ್ತು, ಹೊಡೆಸಲೇಬೇಕಿತ್ತು. ಇನ್ನೊಂದೂ ನಿಜ, ಮುಚ್ಚಿಟ್ಟು ನನಗೇನು ಬರಬೇಕು? ಸ್ಕೂಲಿಗೆ ಹೊಸ ಬೋಧಕ ಬರುತ್ತಾನೆ, ಅವನಿಗೆ ಇರಲು ಜಾಗ ಬೇಕು, ನಿನ್ನ ಕೋಣೆ ಸುಮ್ಮನೆ ಬಿದ್ದಿದೆ ಅಂತ ನಿಮ್ಮಣ್ಣ ಹೇಳುತ್ತಿದ್ದಾರೆ. ನಾನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಯಾಕೆ ಉಹೂಂ ಅನ್ನಲಿಲ್ಲ ಗೊತ್ತಾ? ದೊಡ್ಡಮ್ಮ ಕಾಲು ಮುರಿದುಕೊಂಡದ್ದು ನೀನು ಮಿಲ್ಲಿಗೆ ಹೋದ ಮಾರನೆಯ ವರ್ಷ. ಆಗ ನೋಡಿಕೊಳ್ಳಲು ಹೋದವಳು ನಾನು. ಅವರನ್ನು ಎತ್ತಿ ಕೂರಿಸಿ ಕೂರಿಸಿ ನನ್ನ ಸೊಂಟ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ನೀನು ಹೋಗಿದ್ದಾಗ ಅವರ ಎರಡೂ ಕಾಲು ಗಟ್ಟಿಯಾಗಿದ್ದವು, ಪೇಟೆಯೆಲ್ಲ ಸುತ್ತುತ್ತಿದ್ದರು. ಮಾತಿನಲ್ಲಿ ಎಳೆ ತಪ್ಪಿದ್ದು ನಿನ್ನೊಬ್ಬಳಿಗೇ ಕಾಣುತ್ತದೆ ಅಂದುಕೊಳ್ಳಬೇಡ.

ನೀನು ಸುಳ್ಳು ಹೇಳಿದೆ. ಅಷ್ಟು ವರ್ಷದ ಮೇಲೂ ಸುಳ್ಳು ಹೇಳಬೇಕಾದರೆ ಅಲ್ಲಿ ಏನೋ ಇದೆ. ನೀನಾಗಿಯೇ ಹೇಳುತ್ತೀಯ ಅಂತ ಕಾಯುತ್ತೇನೆ.

ಅತ್ತಿಗೆ

ಸೆಪ್ಟೆಂಬರ್ ೨

ಅತ್ತಿಗೆಗೆ,

ಯಂತ್ರದ ಮುಸುಕೂ ಬಂತು. ಅದರ ಜೊತೆ ನೀವು ಕಾಗದವನ್ನೇ ಇಟ್ಟಿಲ್ಲ.

ಮೂರೂ ಬಂದವು. ನಾಲ್ಕನೆಯದು ಎಲ್ಲಿ?

ನಾದಿನಿ

ಸೆಪ್ಟೆಂಬರ್ ೧೧

ನಾದಿನಿಗೆ,

ಅಂತೂ ಕೇಳಿದೆ. ನೀನು ಕೇಳಲಿ ಅಂತಲೇ ಒಂದೊಂದಾಗಿ ಕಳಿಸಿದ್ದು. ಕೇಳದೆ ಹೋಗಿದ್ದರೆ ಅದು ನಿನ್ನದಲ್ಲ, ಯಾರೋ ಕೊಟ್ಟು ಮರೆತದ್ದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಟ್ರಂಕಿನ ತಳದಲ್ಲಿ ಹಳೆಯ ದಿಂಬಿನ ಚೀಲದೊಳಗೆ ನೀನು ಅದನ್ನು ಮಡಿಸಿಟ್ಟಿದ್ದೆ. ಹಾಸಿದರೆ ನನ್ನ ಮಡಿಲಿನಷ್ಟಿದೆ. ದಾರದ ಗಂಟುಗಳನ್ನೆಲ್ಲ ಪದರದ ಒಳಗೆ ಮರೆಸಿದ್ದೀಯ, ಎಲ್ಲಿ ಕೈಯಾಡಿಸಿದರೂ ಚುಚ್ಚುವುದಿಲ್ಲ. ನಿನಗಾಗಲಿ ನನಗಾಗಲಿ ಹೊಲಿದುಕೊಳ್ಳುವಾಗ ಅಷ್ಟು ನಾಜೂಕು ಯಾರು ಮಾಡುತ್ತಾರೆ? ಹಸುಗೂಸಿನ ಮೈಗೆ ತಾಗುವ ಕೌದಿ ಅದು. ನಡುವಿನ ಚೌಕ ನನ್ನ ನೀಲಿ ಲಂಗದ್ದು. ಒಣಹಾಕಿದ ತಂತಿಯ ಮೇಲಿಂದ ಕಾಣೆಯಾಯಿತು ಅಂತ ಪಕ್ಕದ ಮನೆಯವಳ ಮೇಲೆ ಅನುಮಾನಪಟ್ಟು ಎಷ್ಟು ತಿಂಗಳು ಮಾತು ಬಿಟ್ಟಿದ್ದೆ! ಆಗ ನೀನು ಪಕ್ಕದಲ್ಲೇ ನಿಂತು, "ಹೋಗ್ಲಿ ಬಿಡಿ ಅತ್ತಿಗೆ, ಹಳೇದು" ಅಂದಿದ್ದೆ.

ಲಂಗ ಹೋದ ವರ್ಷವೇ ನೀನು ದೊಡ್ಡಮ್ಮನ ಮನೆ ಸೇರಿದ್ದು. ಎರಡು ತಿಂಗಳ ಮೇಲೆ ಬಂದೆ, ಮುಖ ಸುಣ್ಣದ ಹಾಗಿತ್ತು, ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ವಾರ ತುಂಬುವ ಮೊದಲೇ ಮಿಲ್ಲಿಗೆ ಹೊರಟೆ. ಆಮೇಲೆ ಬಂದ ಗಂಡುಗಳನ್ನೆಲ್ಲ ಬೇಡ ಅಂದೆ. ಬೆಂಕಿ ಇಲ್ಲದೆ ಹೊಗೆ ಬರುತ್ತದಾ?

ನನಗಂತೂ ತಾಯಿಯಾಗುವ ಯೋಗ ಬರಲಿಲ್ಲ. ನಿನಗೆ ಬಂದಿತ್ತಾ? ಬಂದದ್ದನ್ನು ಎಲ್ಲಿ ಬಿಟ್ಟು ಬಂದೆ? ಇದನ್ನು ಬರೆಸುತ್ತಿರುವುದು ಸಿಟ್ಟೋ ಹೊಟ್ಟೆಕಿಚ್ಚೋ ನನಗೇ ತಿಳಿಯದು. ಹೇಳು. ಏನಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಹೇಳದಿದ್ದರೆ ಮಾತ್ರ ಹಾಕಿಕೊಳ್ಳಲಾರೆ.

ನಿಮ್ಮಣ್ಣನಿಗೆ ಏನೂ ಗೊತ್ತಿಲ್ಲ.

ಅತ್ತಿಗೆ

ಸೆಪ್ಟೆಂಬರ್ ೨೪

ತಂಗಿಗೆ ಅಣ್ಣನ ಆಶೀರ್ವಾದಗಳು.

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ನಿನ್ನೆ ಊಟಕ್ಕೆ ಮೇಲೆ ಬಂದಾಗ ನಿನ್ನ ಅತ್ತಿಗೆ ಆ ಚಿಕ್ಕ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಏನು ಎಂದೆ. ಒತ್ತಾಯಿಸಿದ ಮೇಲೆ ಹೇಳಿದಳು. ನಿನ್ನಿಂದ ಉತ್ತರ ಬಂದಿಲ್ಲ ಎಂಬುದನ್ನೂ ಹೇಳಿದಳು. ಉತ್ತರ ಬಾರದಿರುವುದೂ ಒಂದು ಉತ್ತರವೇ.

ನಾನು ಶಿಷ್ಯರಿಗೆ ಹೇಳುವುದು ಒಂದೇ ಮಾತು. ತಿರುವಿನಲ್ಲಿ ಹಾರ್ನ್ ಮಾಡದೆ ಬಂದವನಿಂದಲೇ ಅಪಘಾತ. ನೀನು ಹಾರ್ನ್ ಮಾಡಲಿಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ಈ ಮನೆಯ ಮರ್ಯಾದೆ ನನ್ನ ಕೈಯಲ್ಲಿದೆ.

ನವೆಂಬರ್ ಒಂದರಿಂದ ಕೋಣೆಯನ್ನು ಹೊಸ ಬೋಧಕನಿಗೆ ಕೊಡುವುದೆಂದು ತೀರ್ಮಾನಿಸಿದ್ದೇನೆ. ವಿಷಯ ಏನೆಂದು ನೀನು ಬಿಡಿಸಿ ಹೇಳುವವರೆಗೆ ಇಲ್ಲಿಗೆ ಬರುವ ಯೋಚನೆ ಮಾಡಬೇಡ. ಟ್ರಂಕನ್ನು ರೈಲಿಗೆ ಹಾಕಿಸುತ್ತೇನೆ.

ಇಂತು,
ಅಣ್ಣ

ಅಕ್ಟೋಬರ್ ೫

ಅತ್ತಿಗೆ,

ಈ ಕಾಗದವನ್ನು ನೀವೊಬ್ಬರೇ ಇರುವಾಗ ಓದಿ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಕೂತುಕೊಳ್ಳಿ.

ಅದು ನಿಮ್ಮ ಮಗುವಿನ ಕೌದಿ.

ಆಗ ಮನೆಯ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದವಳು ನಾನು. ಒಂದು ದಿನ ನಿಮ್ಮ ಚೂಡಿದಾರದ ಬಿಳಿ ಅಂಗಿಯನ್ನು ತಿರುಗಿಸಿ ಹಾಸಿದಾಗ ಪಕ್ಕದ ಹೊಲಿಗೆ ಬಿಚ್ಚಿದ್ದು ಕಂಡಿತು. ಹಳೆಯ ದಾರ ತೆಗೆದ ಕಡೆ ಸೂಜಿಯ ತೂತುಗಳ ಒಂದು ಸಾಲು, ಅದರಿಂದ ಒಂದು ಬೆರಳು ಹೊರಗೆ ಹೊಸ ಹೊಲಿಗೆ. ತೋಳು, ಭುಜ ಎಲ್ಲ ಇದ್ದ ಹಾಗೇ ಇತ್ತು. ಸೊಂಟದ ಹತ್ತಿರ ಮಾತ್ರ ಸಡಿಲ ಬಿಟ್ಟಿದ್ದಿರಿ. ಮುಂದಿನ ವಾರ ಕಂದು ಅಂಗಿ ಹಾಗೆ, ಅದರ ಮುಂದಿನ ವಾರ ಹೂವಿನದು. ಮೈ ಬಂದವರು ಹಾಗೆ ಒಂದೇ ಕಡೆ ಬಿಡಿಸುವುದಿಲ್ಲ. ನಿಮ್ಮ ಮುಖವಂತೂ ಒಣಗಿ ಹೋಗಿತ್ತು, ಬೆಳಗ್ಗೆ ಹೊತ್ತು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದಿರಿ. ನನಗೆ ತಿಳಿದುಹೋಯಿತು. ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಮರೆತು ಅಂಚು ಸುಟ್ಟಿದ್ದೆ, ನೀವು ಬೈದಿರಿ, ನಾನು ನಗುತ್ತಾ ಬೈಸಿಕೊಂಡೆ. ಅಷ್ಟು ಖುಷಿ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ನೀವಾಗಿ ಹೇಳದ್ದನ್ನು ನಾನು ಹೇಗೆ ಕೇಳಲಿ? ಹೇಳುವ ದಿನ ನಿಮ್ಮ ಮಡಿಲಿಗೆ ಹಾಕೋಣ ಅಂತ ಗುಟ್ಟಾಗಿ ಶುರುಮಾಡಿದೆ. ತಾಯಿ ಉಟ್ಟು ಒಗೆದು ಮೆತ್ತಗಾದ ಬಟ್ಟೆ ಇದ್ದರೆ ಮಗು ಬೇಗ ನಿದ್ದೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ತಂತಿಯ ಮೇಲಿಂದ ಲಂಗ ತೆಗೆದವಳು ನಾನೇ. ಪಕ್ಕದ ಮನೆಯವರ ಜೊತೆ ನೀವು ಜಗಳ ಆಡುವಾಗ ಒಳಗೇ ನಗುತ್ತಿದ್ದೆ, ಗೊತ್ತಾದಾಗ ಅತ್ತಿಗೆಯ ಮುಖ ಹೇಗಾಗಬಹುದು ಅಂತ.

ಆಮೇಲೆ ನೀವು ಹಲ್ಲುನೋವು ಅಂತ ಅಣ್ಣನ ಜೊತೆ ಆಸ್ಪತ್ರೆಗೆ ಹೋದಿರಿ. ಮಾರನೆಯ ದಿನ ಬಂದಿರಿ. ಹಲ್ಲು ಕೀಳಿಸಿದವರ ಕೆನ್ನೆ ಊದಿರುತ್ತದೆ, ನಿಮ್ಮದು ಊದಿರಲಿಲ್ಲ. ಆದರೂ ನಾನು ಏನೂ ಅಂದುಕೊಳ್ಳಲಿಲ್ಲ, ಅಂದುಕೊಳ್ಳಲು ಮನಸ್ಸಿರಲಿಲ್ಲ. ಎರಡು ವಾರ ಕಳೆದು ಇಸ್ತ್ರಿಗೆ ಆ ಬಿಳಿ ಅಂಗಿ ಬಂತು. ಹೊಲಿಗೆ ಒಳಗೆ ಬಂದಿತ್ತು. ಹಳೆಯ ತೂತುಗಳಲ್ಲೇ ಹೊಸ ದಾರ ಹಾಕಿದ್ದಿರಿ, ಒಂದು ತೂತೂ ತಪ್ಪಿರಲಿಲ್ಲ. ಕಂದು ಅಂಗಿ, ಹೂವಿನದು, ಮೂರೂ.

ಇಸ್ತ್ರಿ ಮಾಡಿ ಮಡಿಸಿ ನಿಮ್ಮ ಬೀರುವಿನಲ್ಲಿ ಇಟ್ಟೆ. ಅಡುಗೆಮನೆಯಲ್ಲಿ ನೀವು ಅಮ್ಮನ ಜೊತೆ ಏನೋ ಹೇಳಿ ನಗುತ್ತಿದ್ದಿರಿ. ನನ್ನ ಕೈಯಿಂದ ಕೌದಿಯನ್ನು ಮುಗಿಸಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ. ನಿಮ್ಮ ಮುಖ ನೋಡಿದರೆ ಅತ್ತುಬಿಡುತ್ತೇನೆ, ಅತ್ತರೆ ಯಾಕೆ ಅಂತ ಅಮ್ಮ ಕೇಳುತ್ತಾರೆ, ನೀವು ಮುಚ್ಚಿಟ್ಟದ್ದನ್ನು ನಾನು ಬಯಲು ಮಾಡಿದ ಹಾಗಾಗುತ್ತದೆ. ಅದಕ್ಕೆ ದೊಡ್ಡಮ್ಮನ ಮನೆಗೆ ಹೋದೆ. ಮಿಲ್ಲಿಗೆ ಬಂದದ್ದೂ ಅದಕ್ಕೇ ಅಂದರೆ ಪೂರ್ತಿ ನಿಜ ಅಲ್ಲ, ನನಗೆ ಕೆಲಸವೂ ಬೇಕಿತ್ತು. ಗಂಡುಗಳನ್ನು ಬೇಡ ಅಂದದ್ದು ಅವರು ಬೇಡವಾಗಿದ್ದಕ್ಕೆ, ಅದರಲ್ಲಿ ಬೇರೇನೂ ಹುಡುಕಬೇಡಿ.

ಈ ಮೂರು ವಾರ ಇದನ್ನು ಬರೆಯದೆ ಇರಲು ನೋಡಿದೆ. ನನ್ನ ಮೇಲೆ ಬಂದದ್ದನ್ನು ಹೊತ್ತುಕೊಂಡು ಸುಮ್ಮನಿದ್ದರೆ ನಿಮ್ಮ ಗಾಯ ಕೆದಕಿದ ಪಾಪ ತಪ್ಪುತ್ತಿತ್ತು. ಆದರೆ ಅಣ್ಣ ಟ್ರಂಕನ್ನು ರೈಲಿಗೆ ಹಾಕುತ್ತೇನೆ ಅಂದ. ನನಗೆ ಬೇರೆ ಮನೆ ಇಲ್ಲ ಅತ್ತಿಗೆ. ಅವನಿಗೆ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು.

ನಿಮ್ಮ,
ನಾದಿನಿ

ಅಕ್ಟೋಬರ್ ೨೯

ನನ್ನ ತಂಗಿಗೆ,

ಇಷ್ಟು ದಿನ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆದು ಹರಿದೆ. ಪೋಸ್ಟಿನವನು ಬಾಗಿಲಿಗೆ ಬಂದಾಗಲೆಲ್ಲ ನಿನ್ನಿಂದ ಇನ್ನೊಂದು ಕಾಗದ ಬಂತೇನೋ ಅಂತ ಓಡಿದೆ. ನೀನು ಯಾಕೆ ಬರೆಯುತ್ತೀಯ, ಬರೆಯಬೇಕಾದವಳು ನಾನು.

ನಾವು ಗಂಡಹೆಂಡತಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತಲೇ ಇದ್ದೆ. ಐದು ತಿಂಗಳು ತುಂಬಲಿ, ಆಮೇಲೆ ಹೇಳೋಣ ಅಂದವರು ನಿಮ್ಮಣ್ಣ. ತುಂಬಲಿಲ್ಲ. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಅವರು ಹೇಳಿದ್ದು ನೆನಪಿದೆ. "ಯಾರಿಗೂ ಹೇಳಿರ್ಲಿಲ್ವಲ್ಲ, ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು. ಹೇಳಿದ್ರೆ ಈಗ ಎಲ್ಲರಿಗೂ ಉತ್ತರ ಕೊಡ್ಬೇಕಿತ್ತು." ಹೌದು ಅಂದೆ. ಆವತ್ತಿನಿಂದ ಅದು ಆಗಲೇ ಇಲ್ಲ ಅನ್ನುವ ಹಾಗೆ ಇದ್ದುಬಿಟ್ಟೆವು. ನನಗೂ ಕೆಲವು ಸಲ ಅನುಮಾನ ಬರುತ್ತಿತ್ತು, ನಿಜವಾಗಿ ಆಗಿತ್ತಾ, ನಾನೇ ಕಲ್ಪಿಸಿಕೊಂಡೆನಾ ಅಂತ. ಆಗಿತ್ತು ಅಂತ ಹೇಳುವ ಇನ್ನೊಂದು ಬಾಯಿ ಮನೆಯಲ್ಲಿ ಇರಲಿಲ್ಲ. ಆಮೇಲೆ ಮತ್ತೆ ಆಗಲೂ ಇಲ್ಲ.

ಆ ಕೌದಿ ಕೈಗೆ ಸಿಕ್ಕಿದಾಗ ನೀಲಿ ಚೌಕ ನನ್ನದೇ ಲಂಗದ್ದು ಅಂತ ಕ್ಷಣದಲ್ಲಿ ಗುರುತಿಸಿದೆ. ಹಸುಗೂಸಿಗೆ ಅಂತಲೂ ಗುರುತಿಸಿದೆ. ನನ್ನ ಲಂಗ, ಆ ವರ್ಷ, ಒಂದು ಕೂಸು. ಎಲ್ಲಾ ಕಣ್ಣೆದುರು ಇದ್ದರೂ ಅದು ನನಗಾಗಿ ಇರಬಹುದು ಅಂತ ಒಂದು ಸಲವೂ ಹೊಳೆಯಲಿಲ್ಲ. ನನಗೂ ಒಂದು ಇತ್ತು ಅನ್ನುವುದನ್ನು ಅಷ್ಟರ ಮಟ್ಟಿಗೆ ಮುಚ್ಚಿಟ್ಟಿದ್ದೆ. ಅದರ ಬದಲು ನಿನ್ನ ಮೇಲೆ ಏನೆಲ್ಲ ಹೊರಿಸಿದೆ! ಆ ಸಾಲುಗಳನ್ನು ಹೊಡೆದು ಹಾಕಿ ಓದು. ಇಲ್ಲ, ಓದಲೇಬೇಡ, ಒಲೆಗೆ ಹಾಕು.

ನಿಮ್ಮಣ್ಣನಿಗೆ ನಿನ್ನ ಕಾಗದವನ್ನೇ ಓದಿ ಹೇಳಿದೆ. ಅಂಗಿಯ ಮಾತು ಬರುವಷ್ಟರಲ್ಲಿ ಎದ್ದು ಕೆಳಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ ಅಂತ ಬಗ್ಗಿ ನೋಡಿದರೆ ಕಲಿಯುವವರ ಕಾರಿನಲ್ಲಿ, ಶಿಷ್ಯರು ಕೂರುವ ಕಡೆ ಕೂತಿದ್ದರು. ಎಂಜಿನ್ ಆಫ್ ಇತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. "ನನ್ನ ತಂಗಿಗೆ ನಾನೇ ಎಂಥ ಕಾಗದ ಬರೆದೆ ಕಣೇ" ಅಂದರು. ಆಮೇಲೆ, "ಮೊದಲು ನಿನಗೆ ಎಂಥ ಮಾತು ಹೇಳಿದ್ದೆ" ಅಂದರು. 'ಒಂದು ಲೆಕ್ಕಕ್ಕೆ ಒಳ್ಳೆಯದಾಯಿತು' ಅಂದದ್ದು ಅವರಿಗೂ ನೆನಪಿದೆಯಂತೆ. ಅಷ್ಟು ವರ್ಷದಲ್ಲಿ ನಾವು ಆ ವಿಷಯ ಮಾತಾಡಿದ್ದು ಅದೇ ಮೊದಲು. ಇಬ್ಬರೂ ಚೆನ್ನಾಗಿ ಅತ್ತೆವು. ಪಾಠಕ್ಕೆ ಬಂದ ಹುಡುಗಿ ಗಾಬರಿಯಾಗಿ ವಾಪಸ್ ಹೋದಳು.

ಬೋಧಕನಿಗೆ ಹಿಂದಿನ ಬೀದಿಯಲ್ಲಿ ಕೋಣೆ ನೋಡಿಕೊಟ್ಟಿದ್ದಾರೆ. ನಿನಗೆ ಕಾಗದ ಬರೆಯಲು ಮುಖವಿಲ್ಲ ಅನ್ನುತ್ತಾರೆ, ಸ್ಟೇಷನ್ನಿಗೆ ಮಾತ್ರ ಖುದ್ದಾಗಿ ಬರುತ್ತಾರಂತೆ. ನೀನು ಡಿಸೆಂಬರಿನವರೆಗೆ ಕಾಯಬೇಕಾ, ಅಥವಾ ರಜೆ ಹಾಕಿ ನಾಲ್ಕು ದಿನದ ಮಟ್ಟಿಗಾದರೂ ಈಗಲೇ ಬರಲು ಆಗುತ್ತದಾ?

ಕೌದಿಯನ್ನು ಮುಗಿಸಿಲ್ಲ. ಒಂದು ಹೊಲಿಗೆಯನ್ನೂ ಹಾಕಿಲ್ಲ. ಮಂಚದ ಮೇಲೆ ಹಾಸಿಟ್ಟಿದ್ದೇನೆ, ಹೋಗಿ ಬಂದು ಮುಟ್ಟಿ ನೋಡುತ್ತೇನೆ.

ಒಂದು ಕೇಳಲಾ? ಆಗ ಯಾರೂ ನನ್ನನ್ನು ಕೇಳಲಿಲ್ಲ, ಹೇಳಿಕೊಳ್ಳಲು ನನಗೂ ಯಾರೂ ಇರಲಿಲ್ಲ. ಹೊಲಿಯುವಾಗ ನೀನು ಗಂಡು ಅಂದುಕೊಂಡಿದ್ದೆಯಾ, ಹೆಣ್ಣು ಅಂದುಕೊಂಡಿದ್ದೆಯಾ?

ಅತ್ತಿಗೆ

ನವೆಂಬರ್ ೬

ಅತ್ತಿಗೆ,

ರಜೆ ಸಿಕ್ಕಿದೆ. ಶನಿವಾರ ಸಂಜೆಯ ಗಾಡಿಗೆ ಬರುತ್ತೇನೆ. ಅಣ್ಣನಿಗೆ ಸ್ಟೇಷನ್ನಿನಲ್ಲಿ ಅಳಬೇಡ ಅಂತ ಹೇಳಿ, ಅವನು ಅತ್ತರೆ ನನ್ನ ಕೈಯಲ್ಲಿ ತಡೆಯಲು ಆಗುವುದಿಲ್ಲ.

ಹೆಣ್ಣು ಅಂದುಕೊಂಡಿದ್ದೆ. ಒಂದು ಹೆಸರನ್ನೂ ಇಟ್ಟುಕೊಂಡಿದ್ದೆ, ಹೊಲಿಯುವಾಗ ಆ ಹೆಸರಿನಿಂದಲೇ ಮಾತಾಡಿಸುತ್ತಿದ್ದೆ. ಇದುವರೆಗೆ ಯಾರ ಮುಂದೆಯೂ ಅದನ್ನು ಹೇಳಿಲ್ಲ, ಕಾಗದದಲ್ಲೂ ಬರೆಯುವುದಿಲ್ಲ. ಬಂದು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ.

ನಿಮ್ಮ,
ನಾದಿನಿ